ಹಿಮೋಗ್ಲೋಬಿನ್‌ನಲ್ಲಿ ಅಮೈನೊ ಆಮ್ಲಗಳ ಸಂಪರ್ಕ ಎಣಿಸಲು ಎಷ್ಟು ಅಂತರ ಸರಿ?

ನಿಮ್ಮ ಪ್ರಶ್ನೆಯಲ್ಲಿ ಎರಡು ತೊಡಕುಗಳಿವೆ. ಹಿಮೋಗ್ಲೋಬಿನ್‌ನ ಆಲ್ಫಾ ಮತ್ತು ಬೀಟಾ ಸರಪಳಿಗಳ ನಡುವೆ ಯಾವ ಅಮೈನೊ ಆಮ್ಲ ಯಾವುದನ್ನು ಮುಟ್ಟುತ್ತದೆ ಎಂದು ಪಟ್ಟಿ ಮಾಡಲು ಹೊರಟಿದ್ದೀರಿ. ಮಿತಿಯಾಗಿ 4 ಆಂಗ್‌ಸ್ಟ್ರಾಂ (ಒಂದು ಆಂಗ್‌ಸ್ಟ್ರಾಂ ಎಂದರೆ ಮೀಟರಿನ ಸಾವಿರ ಕೋಟಿಯಲ್ಲೊಂದು ಭಾಗ) ಇಟ್ಟರೆ ಒಂದು ಪಟ್ಟಿ, 5 ಇಟ್ಟರೆ ಇನ್ನೊಂದು, 8 ಇಟ್ಟರೆ ಪುಟಗಟ್ಟಲೆ ಬರುತ್ತಿದೆ. ಅದರ ಮೇಲೆ, ಆಮ್ಲಜನಕವಿಲ್ಲದ ರೂಪದ ಕಡತದಲ್ಲಿ ಎ ಮತ್ತು ಡಿ ಸರಪಳಿಗಳ ನಡುವೆ ಕಂಡ ಸಂಪರ್ಕಗಳು ಆಮ್ಲಜನಕ ಹಿಡಿದ ರೂಪದ ಕಡತದಲ್ಲಿ ಒಂದೂ ಕಾಣುತ್ತಿಲ್ಲ. ಎರಡನೆಯ ತೊಡಕನ್ನು ಮೊದಲು ಬಿಡಿಸುತ್ತೇನೆ, ಅದು ಸುಲಭ.

ನೀವು ತೆರೆದಿರುವ 4ಎಚ್‌ಎಚ್‌ಬಿ, ಅಂದರೆ ಆಮ್ಲಜನಕವಿಲ್ಲದ ರೂಪದ ಕಡತದಲ್ಲಿ ಇಡೀ ಅಣು ಇದೆ. ಎ, ಬಿ, ಸಿ, ಡಿ ನಾಲ್ಕೂ ಸರಪಳಿಗಳಿವೆ (ಎ, ಸಿ ಆಲ್ಫಾ; ಬಿ, ಡಿ ಬೀಟಾ). ಆಮ್ಲಜನಕ ಹಿಡಿದ ರೂಪದ 1ಎಚ್‌ಎಚ್‌ಒ ಕಡತದಲ್ಲಿ ಎ ಮತ್ತು ಬಿ ಮಾತ್ರ ಇವೆ. ಈ ಅರ್ಧವನ್ನೇ ಸ್ಫಟಿಕದ ಸಮ್ಮಿತಿ ಅಕ್ಷದ ಸುತ್ತ 180 ಡಿಗ್ರಿ ತಿರುಗಿಸಿದರೆ ಉಳಿದರ್ಧ ಸಿಗುವುದರಿಂದ ಅದನ್ನು ಪ್ರತ್ಯೇಕವಾಗಿ ಬರೆದಿಟ್ಟಿಲ್ಲ. ಡಿ ಸರಪಳಿಯೇ ಇಲ್ಲದ ಕಡತದಲ್ಲಿ ಅದರ ಸಂಪರ್ಕ ಹುಡುಕಿದರೆ ಸೊನ್ನೆ ಬಾರದೆ ಇನ್ನೇನು ಬರುತ್ತದೆ? ಪ್ರೋಟೀನ್ ರಚನೆಗಳ ಭಂಡಾರವಾದ ಪಿಡಿಬಿ ಜಾಲತಾಣದಿಂದ, ಪೂರ್ಣ ಅಣುವಿರುವ ಬಯಾಲಾಜಿಕಲ್ ಅಸೆಂಬ್ಲಿ ಎಂಬ ಕಡತವನ್ನು ಇಳಿಸಿಕೊಳ್ಳಿ. ಅಲ್ಲೊಂದು ಎಚ್ಚರ ಬೇಕು. ಹಳೆಯ ಪಿಡಿಬಿ ಮಾದರಿಯ ಕಡತವಾದರೆ ತಿರುಗಿಸಿದ ಅರ್ಧ ಎರಡನೆಯ ಮಾಡೆಲ್ (ಕಡತದೊಳಗಿನ ಪ್ರತ್ಯೇಕ ಭಾಗ) ಆಗಿ, ಅದೇ ಎ, ಬಿ ಹೆಸರಿನಲ್ಲೇ ಬರುತ್ತದೆ. ನಿಮ್ಮ ಪೈಥಾನ್ ಪ್ರೋಗ್ರಾಮ್ ಮೊದಲ ಮಾಡೆಲ್ ಮಾತ್ರ ಓದುವಂತಿದ್ದರೆ ಮತ್ತೆ ಸೊನ್ನೆಯೇ. ಸರಪಳಿಗಳ ಹೆಸರು ಬದಲಿಸಿ ಒಂದೇ ಮಾಡೆಲ್‌ಗೆ ಸೇರಿಸಿಕೊಂಡು ಆಮೇಲೆ ಎಣಿಸಿ.

ಈಗ ಅಂತರದ ವಿಷಯಕ್ಕೆ ಬರೋಣ. ಯಾವ ಪರಮಾಣುವಿನಿಂದ ಯಾವ ಪರಮಾಣುವಿಗೆ ಅಳೆದಿರಿ ಎಂದು ಹೇಳದಿದ್ದರೆ 4, 5, 8 ಎಂಬ ಅಂಕಿಗಳಿಗೆ ಅರ್ಥವಿಲ್ಲ. 8 ಆಂಗ್‌ಸ್ಟ್ರಾಂ ಎಂಬುದು ಪ್ರೋಟೀನ್ ರಚನೆಯನ್ನು ಊಹಿಸುವವರ ಅಳತೆ. ಅವರ ಕ್ಯಾಸ್ಪ್ ಸ್ಪರ್ಧೆಯಲ್ಲಿ ಎರಡು ರೆಸಿಡ್ಯೂಗಳ (ಸರಪಳಿಯಲ್ಲಿ ಸೇರಿಕೊಂಡ ಅಮೈನೊ ಆಮ್ಲಗಳ) ಬೀಟಾ ಇಂಗಾಲಗಳ (ಬೆನ್ನೆಲುಬಿನಿಂದ ಹೊರಚಾಚುವ ಪಾರ್ಶ್ವ ಸರಪಳಿಯ ಮೊದಲ ಇಂಗಾಲಗಳ) ನಡುವಿನ ದೂರ 8ಕ್ಕಿಂತ ಕಡಿಮೆಯಿದ್ದರೆ ಸಂಪರ್ಕ ಎಂದು ಪರಿಗಣಿಸುತ್ತಾರೆ. ಗ್ಲೈಸಿನ್‌ಗೆ ಬೀಟಾ ಇಂಗಾಲವಿಲ್ಲದ ಕಾರಣ ಅಲ್ಲಿ ಬೆನ್ನೆಲುಬಿನ ಆಲ್ಫಾ ಇಂಗಾಲ. ಅಂದರೆ ಪ್ರತಿ ರೆಸಿಡ್ಯೂವನ್ನು ಒಂದೇ ಒಂದು ಬಿಂದುವಿಗೆ ಇಳಿಸಿ ಅಳೆಯುವ ಸ್ಥೂಲ ಅಳತೆ ಅದು. ಪ್ರೋಟೀನ್ ಮಡಚಿಕೊಂಡ ಒಟ್ಟು ಆಕಾರ ತಿಳಿಯಲು ಅದು ಸಾಕು. ನೀವು ಎಲ್ಲ ಪರಮಾಣುಗಳನ್ನೂ ಇಟ್ಟುಕೊಂಡು 8 ಹಾಕಿದ್ದೀರಿ. ಎರಡು ರೆಸಿಡ್ಯೂಗಳ ನಡುವೆ ಮೂರನೆಯದೊಂದು ಕುಳಿತಿದ್ದರೂ ಆ ಲೆಕ್ಕದಲ್ಲಿ ಅವು ಮುಟ್ಟಿಕೊಂಡಂತೆಯೇ.

ಆಲ್ಫಾ ಇಂಗಾಲಗಳ ದೂರವನ್ನು ಮಾತ್ರ ನಂಬುವುದೂ ಕಷ್ಟ. ಆರ್ಜಿನೀನ್‌ನ ಪಾರ್ಶ್ವ ಸರಪಳಿ ಎಷ್ಟು ಉದ್ದವೆಂದರೆ, ಆಲ್ಫಾ ಇಂಗಾಲಗಳು 10 ಆಂಗ್‌ಸ್ಟ್ರಾಂ ದೂರವಿದ್ದರೂ ಅದು ಎದುರಿನ ಆಸ್ಪಾರ್ಟೇಟ್‌ನ ಕೈ ಹಿಡಿಯಬಲ್ಲದು. ಆಲ್ಫಾ ಇಂಗಾಲಗಳು 6 ಆಂಗ್‌ಸ್ಟ್ರಾಂ ಹತ್ತಿರವಿದ್ದು, ಪಾರ್ಶ್ವ ಸರಪಳಿಗಳು ಬೆನ್ನು ತಿರುಗಿಸಿ ಕುಳಿತಿರುವುದೂ ಉಂಟು.

ನಿಮ್ಮದು ಯಾವುದು ಯಾವುದನ್ನು ನಿಜಕ್ಕೂ ಮುಟ್ಟುತ್ತದೆ ಎಂಬ ಪ್ರಶ್ನೆ. ಹಾಗಾಗಿ ಹೈಡ್ರೋಜನ್ ಬಿಟ್ಟು ಉಳಿದ ಪರಮಾಣುಗಳ ನಡುವೆ 4.5 ಆಂಗ್‌ಸ್ಟ್ರಾಂ ಇಡಿ. ಇದಕ್ಕೆ ಭೌತಿಕ ಕಾರಣವಿದೆ. ಇಂಗಾಲದ ವ್ಯಾಂಡರ್ ವಾಲ್ಸ್ ತ್ರಿಜ್ಯ (ಬಂಧವಿಲ್ಲದ ಪರಮಾಣುಗಳು ತಾಗಿದಾಗಿನ ಗಾತ್ರ) ಸುಮಾರು 1.7, ಎರಡು ಇಂಗಾಲಗಳು ಒತ್ತಿಕೊಂಡರೆ 3.4. ನೀರಿನ ಒಂದು ಅಣು ಮಧ್ಯೆ ತೂರಬೇಕಾದರೆ ಇನ್ನೂ 2.8 ಬೇಕು. 4.5ರ ಒಳಗಿರುವ ಜೋಡಿಯ ನಡುವೆ ನೀರಿಗೆ ಜಾಗವಿಲ್ಲ, ಅವು ನೆರೆಯವರೇ. ಹೈಡ್ರೋಜನ್ ಬಂಧಕ್ಕೆ ಈ ಅಂತರ ಸಡಿಲ. ಕೊಡುವ ಮತ್ತು ಪಡೆಯುವ ಪರಮಾಣುಗಳ ನಡುವೆ 3.5ರ ಒಳಗಿರಬೇಕು, ಕೋನವೂ ಹೊಂದಬೇಕು. ಲವಣ ಸೇತುವೆಗೆ ವಿರುದ್ಧ ವಿದ್ಯುದಂಶದ ಸಾರಜನಕ ಮತ್ತು ಆಮ್ಲಜನಕಗಳ ನಡುವೆ 4 ಆಂಗ್‌ಸ್ಟ್ರಾಂ ಮಿತಿ ಬಳಕೆಯಲ್ಲಿದೆ. ಮೂರನ್ನೂ ಬೇರೆ ಬೇರೆ ಕಂಬಸಾಲಿನಲ್ಲಿ ಬರೆಯಿರಿ, ಒಂದೇ ಮೊತ್ತಕ್ಕೆ ಕೂಡಿಸಬೇಡಿ.

ಹಿಮೋಗ್ಲೋಬಿನ್‌ನಲ್ಲಿ ಈ ವಿಂಗಡಣೆ ಎಷ್ಟು ಮುಖ್ಯ ಎಂಬುದಕ್ಕೆ ಒಂದು ಜೋಡಿ ಸಾಕು. ಆಮ್ಲಜನಕವಿಲ್ಲದ ರೂಪದಲ್ಲಿ ಬೀಟಾ ಸರಪಳಿಯ ಕೊನೆಯ ರೆಸಿಡ್ಯೂ, 146ನೆಯ ಹಿಸ್ಟಿಡೀನ್, ಅದೇ ಸರಪಳಿಯ 94ನೆಯ ಆಸ್ಪಾರ್ಟೇಟ್ ಜೊತೆ ಲವಣ ಸೇತುವೆ ಕಟ್ಟಿಕೊಂಡಿರುತ್ತದೆ. ಆಮ್ಲಜನಕ ಬಂದಾಗ ಅದು ಕಡಿಯುತ್ತದೆ, ಹಿಸ್ಟಿಡೀನ್ ಪ್ರೋಟಾನ್ ಬಿಟ್ಟುಕೊಡುತ್ತದೆ. ರಕ್ತದ ಆಮ್ಲೀಯತೆ ಹೆಚ್ಚಾದಾಗ ಹಿಮೋಗ್ಲೋಬಿನ್ ಆಮ್ಲಜನಕವನ್ನು ಸುಲಭವಾಗಿ ಬಿಡುವುದರ ಹಿಂದೆ ಇಂಥ ಸೇತುವೆಗಳಿವೆ ಎಂದು ಹಿಮೋಗ್ಲೋಬಿನ್ ರಚನೆಯನ್ನು ಬಿಡಿಸಿದ ಮ್ಯಾಕ್ಸ್ ಪೆರುಟ್ಸ್ 1970ರಲ್ಲಿ ವಿವರಿಸಿದರು. ನೂರಾರು ಸಾಲುಗಳ ಪಟ್ಟಿಯಲ್ಲಿ ಇದೂ ಒಂದು ಸಾಲಾಗಿ ಮುಳುಗಿಹೋದರೆ ಎಣಿಸಿದ ಶ್ರಮವೆಲ್ಲ ವ್ಯರ್ಥ.

ಪರಮಾಣುಗಳು ಎಷ್ಟು ಹತ್ತಿರ ಬರಬಹುದು ಎಂಬ ಈ ಪ್ರಶ್ನೆಗೆ ನಮ್ಮಲ್ಲಿ ದೊಡ್ಡ ಪರಂಪರೆಯಿದೆ ಎಂಬುದನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗುತ್ತಿಲ್ಲ. ಜಿ. ಎನ್. ರಾಮಚಂದ್ರನ್ ಮತ್ತು ಸಂಗಡಿಗರು 1963ರಲ್ಲಿ ಮದರಾಸಿನಲ್ಲಿದ್ದುಕೊಂಡು ಪ್ರಕಟಿಸಿದ, ಪ್ರೋಟೀನ್ ಸರಪಳಿ ಯಾವ ಕೋನಗಳಲ್ಲಿ ತಿರುಗಬಲ್ಲದು ಎಂದು ತೋರಿಸುವ ನಕ್ಷೆ ನಿಂತಿರುವುದೇ ಪರಮಾಣುಗಳ ಕನಿಷ್ಠ ದೂರಗಳ ಒಂದು ಪುಟ್ಟ ಕೋಷ್ಟಕದ ಮೇಲೆ. ಇಂಗಾಲ-ಇಂಗಾಲಕ್ಕೆ ಸಾಮಾನ್ಯ ಮಿತಿ 3.2, ತೀರಾ ಅಂಚಿನ ಮಿತಿ 3.0. ಅವರು ಒಂದೇ ಗೆರೆ ಎಳೆಯದೆ ಎರಡು ಮಿತಿ ಇಟ್ಟರು ಎಂಬುದನ್ನು ಗಮನಿಸಿ. ರಾಮಚಂದ್ರನ್ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಅದೇ ಸಂಸ್ಥೆಯಲ್ಲಿ ಸರಸ್ವತಿ ವಿಶ್ವೇಶ್ವರ ಅವರ ತಂಡ ಪ್ರೋಟೀನನ್ನು ಒಂದು ಜಾಲವಾಗಿ ನೋಡುವ ವಿಧಾನವನ್ನು ಬೆಳೆಸಿತು. ರೆಸಿಡ್ಯೂಗಳೇ ಗಂಟುಗಳು, ಸಂಪರ್ಕಗಳೇ ಎಳೆಗಳು. ಎರಡು ಪಾರ್ಶ್ವ ಸರಪಳಿಗಳ ನಡುವೆ 4.5 ಆಂಗ್‌ಸ್ಟ್ರಾಂ ಒಳಗಿರುವ ಪರಮಾಣು ಜೋಡಿಗಳನ್ನು ಎಣಿಸಿ, ಆಯಾ ಅಮೈನೊ ಆಮ್ಲಗಳಿಗೆ ನಿಗದಿಯಾದ ಎರಡು ಅಂಕಿಗಳ ಗುಣಲಬ್ಧದ ವರ್ಗಮೂಲದಿಂದ ಭಾಗಿಸಿ, ನೂರರಿಂದ ಗುಣಿಸುತ್ತಾರೆ. ಭಾಗಿಸುವುದೇಕೆ? ಟ್ರಿಪ್ಟೋಫ್ಯಾನ್‌ನಲ್ಲಿ ಹೈಡ್ರೋಜನ್ ಬಿಟ್ಟು 14 ಪರಮಾಣುಗಳಿವೆ, ಅಲನಿನ್‌ನಲ್ಲಿ 5. ಬರೀ ಎಣಿಸಿದರೆ ದೊಡ್ಡದು ಸದಾ ಗೆಲ್ಲುತ್ತದೆ. ನಿಮ್ಮ ಪಟ್ಟಿಯ ಮೇಲ್ಭಾಗದಲ್ಲಿ ಟ್ರಿಪ್ಟೋಫ್ಯಾನ್, ಆರ್ಜಿನೀನ್, ಟೈರೋಸಿನ್‌ಗಳೇ ತುಂಬಿದ್ದರೆ ಕಾರಣ ಇದೇ ಇರಬಹುದು.

ಕಡತವನ್ನು ಹಸನು ಮಾಡುವ ಕೆಲಸವನ್ನೂ ಹೇಳಿಬಿಡುತ್ತೇನೆ. ಒಂದೇ ಸರಪಳಿಯೊಳಗೆ ಎಣಿಸುವಾಗ ಅಕ್ಕಪಕ್ಕದ ರೆಸಿಡ್ಯೂಗಳನ್ನು ಬಿಡಿ. ಅವು ಹೇಗೂ ಅಂಟಿಕೊಂಡೇ ಇರುತ್ತವೆ. ಒಂದೇ ಪಾರ್ಶ್ವ ಸರಪಳಿಗೆ ಎರಡು ನಿಲುವುಗಳನ್ನು ಬರೆದಿದ್ದರೆ ಒಂದನ್ನು ಮಾತ್ರ ಉಳಿಸಿಕೊಳ್ಳಿ. ನನ್ನ ಮೊದಲ ವರದಿಯಲ್ಲಿ ಒಂದು ಸೆರಿನ್‌ಗೆ ಅಸಾಧಾರಣವಾಗಿ ಹೆಚ್ಚು ಸಂಪರ್ಕಗಳಿವೆ ಎಂದು ಅರ್ಧ ಪುಟ ಬರೆದಿದ್ದೆ. ಅದರ ಎರಡು ನಿಲುವುಗಳನ್ನೂ ಕೂಡಿಸಿ ಎಣಿಸಿದ್ದೆನೆಂದು ತಿಂಗಳ ನಂತರ ತಿಳಿದು ಆ ಅರ್ಧ ಪುಟವನ್ನು ತೆಗೆಯಬೇಕಾಯಿತು. ಆಸ್ಪರಾಜಿನ್, ಗ್ಲುಟಾಮಿನ್‌ಗಳ ತುದಿಯಲ್ಲಿ ಸಾರಜನಕ ಯಾವುದು, ಆಮ್ಲಜನಕ ಯಾವುದು ಎಂದು ಎಕ್ಸ್-ರೇ ನಕ್ಷೆಯಲ್ಲಿ ಬೇರ್ಪಡಿಸುವುದು ಕಷ್ಟ, ಆದ್ದರಿಂದ ಅಲ್ಲಿನ ಹೈಡ್ರೋಜನ್ ಬಂಧಗಳನ್ನು ಮತ್ತೊಮ್ಮೆ ಪರೀಕ್ಷಿಸಿ. ನಿಮ್ಮ ಎರಡು ಕಡತಗಳ ಸ್ಪಷ್ಟತೆಯೂ (ಅಂಕಿ ಕಡಿಮೆಯಾದಷ್ಟೂ ವಿವರ ಹೆಚ್ಚು) ಬೇರೆ: 4ಎಚ್‌ಎಚ್‌ಬಿ 1.74, 1ಎಚ್‌ಎಚ್‌ಒ 2.1 ಆಂಗ್‌ಸ್ಟ್ರಾಂ. ಒಂದರಲ್ಲಿ 4.4, ಇನ್ನೊಂದರಲ್ಲಿ 4.6 ಎಂದು ಬಂದ ಜೋಡಿಯನ್ನು ‘ಸಂಪರ್ಕ ಕಡಿಯಿತು’ ಎಂದು ಬರೆಯಬೇಡಿ. ಕೂಡಿತು ಎನ್ನಲು 4.5, ಕಡಿಯಿತು ಎನ್ನಲು 5.5 ಎಂದು ನಡುವೆ ಒಂದು ಓಣಿ ಬಿಡುವುದು ನನ್ನ ಪದ್ಧತಿ.

ಇಷ್ಟೆಲ್ಲ ಸರಿಯಾಗಿ ಮಾಡಿದರೂ ಪಟ್ಟಿ ಮೋಸಮಾಡಬಲ್ಲದು. ಬೀಟಾ ಸರಪಳಿಯ 6ನೆಯ ರೆಸಿಡ್ಯೂ ಗ್ಲುಟಾಮೇಟನ್ನು ನಿಮ್ಮ 4ಎಚ್‌ಎಚ್‌ಬಿ ಪಟ್ಟಿಯಲ್ಲಿ ಹುಡುಕಿ. (ಜೀನ್ ದತ್ತಾಂಶಗಳಲ್ಲಿ ಅದನ್ನೇ 7 ಎಂದು ಬರೆಯುತ್ತಾರೆ, ಅಲ್ಲಿ ಮೊದಲ ಮೆಥಿಯೋನಿನ್ ಸೇರಿಸಿ ಎಣಿಸುತ್ತಾರೆ.) ಅದು ಅಣುವಿನ ಹೊರಮೈಯಲ್ಲಿ ನೀರಿಗೆ ಮುಖ ಮಾಡಿ ಕುಳಿತಿದೆ, ಬೇರೆ ಸರಪಳಿಯೊಂದಿಗೆ ಅದಕ್ಕೆ ಸಂಬಂಧವೇ ಇಲ್ಲ. ಸಂಪರ್ಕಗಳ ಸಂಖ್ಯೆಯಿಂದ ಬೆಲೆ ಕಟ್ಟಿದರೆ ಕೊನೆಯ ಸಾಲಿಗೆ ಹೋಗಬೇಕಾದ ರೆಸಿಡ್ಯೂ ಅದು. ಆದರೆ ಆ ಜಾಗಕ್ಕೆ ವ್ಯಾಲಿನ್ ಬಂದರೆ ಕುಡಗೋಲು ಕಣ ರೋಗ. ಆಮ್ಲಜನಕ ಬಿಟ್ಟ ಅಣುವಿನ ಆ ವ್ಯಾಲಿನ್, ಪಕ್ಕದ ಇನ್ನೊಂದು ಹಿಮೋಗ್ಲೋಬಿನ್ ಅಣುವಿನ ಬೀಟಾ ಸರಪಳಿಯಲ್ಲಿ 85ನೆಯ ಫೆನೈಲ್‌ಅಲನಿನ್ ಮತ್ತು 88ನೆಯ ಲ್ಯೂಸಿನ್ ಇರುವ ಎಣ್ಣೆಗುಣದ ತಗ್ಗಿಗೆ ಹೋಗಿ ಕೂರುತ್ತದೆ. ಅಣುವಿಗೆ ಅಣು ಅಂಟಿ ನೂಲಾಗುತ್ತದೆ, ಕೆಂಪು ರಕ್ತಕಣ ಬಾಗುತ್ತದೆ. ನೀಲಗಿರಿಯ ಬುಡಕಟ್ಟು ಜನರಲ್ಲಿ ಈ ಗುಣವಿರುವುದು 1952ರಲ್ಲೇ ವರದಿಯಾಗಿತ್ತು. ನಮ್ಮ ಮೈಸೂರು, ಚಾಮರಾಜನಗರ, ಕೊಡಗಿನ ಆದಿವಾಸಿ ಸಮುದಾಯಗಳಲ್ಲೂ ಈ ರೋಗವಿದೆ. ಆ ಮಕ್ಕಳ ನೋವಿನ ಮೂಲದಲ್ಲಿರುವುದು ಕೆಲವೇ ಆಂಗ್‌ಸ್ಟ್ರಾಂಗಳ ಒಂದು ಸಂಪರ್ಕ, ಮತ್ತು ಅದು ಒಂಟಿ ಅಣುವಿನ ಕಡತದಲ್ಲಿ ಇಲ್ಲವೇ ಇಲ್ಲ. ಅದನ್ನು ನೋಡಬೇಕಾದರೆ ಕುಡಗೋಲು ಕಣ ರೋಗದ ಹಿಮೋಗ್ಲೋಬಿನ್ ಇರುವ 2ಎಚ್‌ಬಿಎಸ್ ಕಡತ ತೆರೆಯಬೇಕು. ಅಲ್ಲಿ ಎರಡು ಪೂರ್ಣ ಅಣುಗಳು, ಎಂಟು ಸರಪಳಿಗಳು ಇವೆ. ಪ್ರತಿ ಅಣುವಿನ ಎರಡು ವ್ಯಾಲಿನ್‌ಗಳಲ್ಲಿ ಒಂದು ಮಾತ್ರ ಹೀಗೆ ತಗ್ಗಿಗೆ ಇಳಿಯುತ್ತದೆ. ಯಾವುದು ಎಂದು ನಿಮ್ಮ ಪ್ರೋಗ್ರಾಮಿನಿಂದಲೇ ಹುಡುಕಿ ನೋಡಿ, ಒಳ್ಳೆಯ ಪರೀಕ್ಷೆಯಾಗುತ್ತದೆ.

ಹತ್ತಿರದ ಪರಮಾಣುಗಳನ್ನು ಹುಡುಕಿಕೊಡುವ, ಬಯೋಪೈಥಾನ್‌ನ ನೈಬರ್‌ಸರ್ಚ್ ನಿಮ್ಮ ಕೆಲಸಕ್ಕೆ ಧಾರಾಳವಾಗಿ ಸಾಕು. ಆದರೆ ಅದನ್ನು ಮತ್ತೆ ಓಡಿಸುವ ಮುನ್ನ ಅಣುಗಳ ಚಿತ್ರ ತೋರಿಸುವ ಪೈಮಾಲ್ ಅಥವಾ ಕೈಮೆರಾಎಕ್ಸ್‌ನಲ್ಲಿ ಒಂದು ಗಂಟೆ ಕಳೆಯಿರಿ. 4ಎಚ್‌ಎಚ್‌ಬಿಯಲ್ಲಿ ಡಿ ಸರಪಳಿಯ 97ನೆಯ ಹಿಸ್ಟಿಡೀನ್ ಹುಡುಕಿ. ಅದು ಎ ಸರಪಳಿಯ 41ನೆಯ ಥ್ರಿಯೋನಿನ್ ಮತ್ತು 44ನೆಯ ಪ್ರೋಲಿನ್ ನಡುವೆ ಸಿಕ್ಕಿಕೊಂಡಿರುತ್ತದೆ. ಆಮೇಲೆ 1ಎಚ್‌ಎಚ್‌ಒದ ಪೂರ್ಣ ಅಣುವಿನಲ್ಲಿ ಅದೇ ಹಿಸ್ಟಿಡೀನ್ ನೋಡಿ. ಅಲ್ಲಿ ಅದು 38 ಮತ್ತು 41ನೆಯ ಥ್ರಿಯೋನಿನ್‌ಗಳ ನಡುವೆ ಕುಳಿತಿದೆ, ಸುರುಳಿಯ ಒಂದು ಸುತ್ತು ಹಿಂದೆ ಸರಿದಂತೆ. ನಿಮ್ಮ ಎರಡು ಪಟ್ಟಿಗಳನ್ನು ಪಕ್ಕಪಕ್ಕದಲ್ಲಿಟ್ಟಾಗ ಈ ಜಿಗಿತ ಕಾಣಿಸಿದರೆ ಅಂತರ ಸರಿಯಿದೆ ಎಂದೇ ಹಿಡಿಯಿರಿ. ಕಾಣಿಸದಿದ್ದರೆ ಆ ಎರಡು ಪಟ್ಟಿಗಳ ಹಿಸ್ಟಿಡೀನ್ ಸಾಲುಗಳನ್ನು ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.