ಅಪಶಕುನವನ್ನು ಒಪ್ಪಿಕೊಂಡ ಸೊಸೆ

ಊರಿಗೆ ಹೊರಡುವ ಮೊದಲೇ ಕುಸಿದುಹೋದವರು ದಾವಣಗೆರೆಯ ನನ್ನ ಆಪ್ತಸಲಹಾ ಕೊಠಡಿಗೆ ಪ್ರತಿವರ್ಷವೂ ಬರುತ್ತಾರೆ. ಅವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಅಂಥ ಒಂದು ಪ್ರಕರಣವನ್ನು, ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಇಲ್ಲಿ ಬರೆಯುತ್ತಿದ್ದೇನೆ.

ಆಕೆ ನಲವತ್ತು ದಾಟಿದ ಗೃಹಿಣಿ. ಮನೆಯ ಆರು ಮಂದಿ ಕಾಶಿಗೆ ಹೊರಟಿದ್ದರು. ಹೊರಡಲು ಹನ್ನೆರಡು ದಿನ ಇದೆ ಎನ್ನುವಾಗ ಒಂದರ ಹಿಂದೊಂದು ಕೆಡತೊಡಗಿತು. ಟಿಕೆಟ್ ವೇಯ್ಟಿಂಗ್ ಲಿಸ್ಟಿನಲ್ಲೇ ಉಳಿಯಿತು, ಅತ್ತೆಯ ಮೊಣಕಾಲು ಬಾತುಕೊಂಡಿತು, ಅವರ ಆಧಾರ್ ಕಾರ್ಡಿನಲ್ಲಿ ಹೆಸರು ತಪ್ಪಾಗಿರುವುದು ಕಣ್ಣಿಗೆ ಬಿತ್ತು, ಮಗಳ ಪರೀಕ್ಷೆಯ ದಿನಾಂಕ ಬದಲಾಗಿ ಪ್ರಯಾಣದ ನಡುವೆ ಬಂದು ಕುಳಿತಿತು. ಕೊನೆಗೆ ದೊಡ್ಡ ಬ್ಯಾಗಿನ ಜಿಪ್ಪಿನ ರನ್ನರ್ ಕಿತ್ತು ಕೈಗೆ ಬಂದಾಗ ಆಕೆ ಅಡುಗೆಮನೆಯಲ್ಲಿ ಕುಳಿತು ಅತ್ತರು, ಆಮೇಲೆ ಎರಡು ದಿನ ಯಾರೊಡನೆಯೂ ಮಾತನಾಡಲಿಲ್ಲ. ಗಂಡ ಗಾಬರಿಯಾಗಿ ಕರೆತಂದರು.

ಮೊದಲ ಭೇಟಿಯಲ್ಲಿ ನಿದ್ದೆ, ಊಟ, ಬದುಕಿನ ಬಗೆಗಿನ ಆಸೆ ಇವನ್ನಷ್ಟೇ ವಿಚಾರಿಸಿದೆ. ಈ ಮೂರರಲ್ಲಿ ಯಾವುದಾದರೂ ಎರಡು ವಾರ ಕೆಟ್ಟಿದ್ದರೆ ಅದು ಪ್ರಯಾಣದ ಮಾತಾಗಿ ಉಳಿಯುವುದಿಲ್ಲ. ವೈದ್ಯರನ್ನು ಕಾಣಬೇಕು, ಅಥವಾ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬೇಕು. ಇವರಿಗೆ ಹಾಗೇನೂ ಆಗಿರಲಿಲ್ಲ.

ಎರಡನೆಯ ಭೇಟಿಯಲ್ಲಿ ಆಕೆ ಪರ್ಸಿನಿಂದ ಮಡಿಸಿದ ಕ್ಯಾಲೆಂಡರ್ ಹಾಳೆಯೊಂದನ್ನು ತೆಗೆದು ನನ್ನ ಮೇಜಿನ ಮೇಲೆ ಬಿಡಿಸಿದರು. ಒಳಗೆ ಆ ರನ್ನರ್ ಇತ್ತು. ಸಾಕ್ಷಿ ಒಪ್ಪಿಸುವವರಂತೆ ಅದನ್ನು ಬೆರಳಿನಿಂದ ನನ್ನತ್ತ ಸರಿಸಿ, "ಎಲ್ರೂ ಅಪಶಕುನ ಅಂದ್ರು ಮೇಡಂ" ಎಂದರು. ಶಕುನದ ನಂಬಿಕೆಯನ್ನು ಮೆಲ್ಲಗೆ ಬಿಡಿಸಿ ಹೇಳಬೇಕೆಂದು ನಾನು ಮನಸ್ಸಿನಲ್ಲೇ ಮಾತು ಜೋಡಿಸಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಆಕೆಯೇ ಮುಂದುವರಿಸಿದರು: "ನಾನೂ ಹೌದು ಅಂದುಬಿಟ್ಟೆ. ಅಪಶಕುನ ಅಂದ್ರೆ ತಪ್ಪು ನಂದಲ್ಲ ಅಂತಾಯ್ತಲ್ಲ."

ನಾನು ಜೋಡಿಸಿಕೊಂಡಿದ್ದ ಮಾತುಗಳನ್ನೆಲ್ಲ ಅಲ್ಲೇ ಬಿಟ್ಟೆ. ಕೆಟ್ಟ ಪ್ರತಿಯೊಂದು ಕೆಲಸವೂ ಆ ಮನೆಯಲ್ಲಿ ಆಕೆಯ ಲೆಕ್ಕಕ್ಕೇ ಸೇರುತ್ತಿತ್ತು. ಮೊಣಕಾಲು ಬಾತರೆ "ಎಣ್ಣೆ ಹಚ್ಚಲಿಲ್ಲವೇ", ಟಿಕೆಟ್ ಸಿಗದಿದ್ದರೆ "ಮೊದಲೇ ನೆನಪಿಸಬಾರದಿತ್ತೇ". ಅಪಶಕುನ ಎಂಬ ಒಂದು ಪದ ಆ ಹೊರೆಯನ್ನು ದೈವದ ಮೇಲೆ ಹಾಕಿ ಆಕೆಗೆ ಎರಡು ದಿನದ ಬಿಡುವು ಕೊಟ್ಟಿತ್ತು. ಅದನ್ನೂ ನಾನು ಕಿತ್ತುಕೊಂಡಿದ್ದರೆ ಆಕೆಗೆ ಏನು ಉಳಿಯುತ್ತಿತ್ತು? ಮೂಢನಂಬಿಕೆಯನ್ನು ಖಂಡಿಸಬೇಕಿತ್ತೆಂದು ಸಹೋದ್ಯೋಗಿಯೊಬ್ಬರು ನನ್ನನ್ನು ಆಕ್ಷೇಪಿಸಿದ್ದಾರೆ. ನಂಬಿಕೆ ಸರಿಯೇ ತಪ್ಪೇ ಎಂದು ಕೇಳುವ ಮೊದಲು ಅದು ಯಾವ ನೋವಿಗೆ ಮುಲಾಮಾಗಿದೆ ಎಂದು ನೋಡುವುದೇ ನಮ್ಮ ಕೆಲಸವೆಂದು ನಾನು ಈಗಲೂ ನಂಬಿದ್ದೇನೆ.

ಮೂರನೆಯ ಭೇಟಿಗೆ ಗಂಡ ಮತ್ತು ಮೈದುನನನ್ನೂ ಕರೆಸಿದೆ. "ನಾವೂ ಕೈಜೋಡಿಸ್ತೀವಿ" ಎಂದು ಇಬ್ಬರೂ ಹೇಳಿದರು. ಅದನ್ನು ನಾನು ಒಪ್ಪಲಿಲ್ಲ. ಕೈಜೋಡಿಸುವವರಿಗೆ ಕೆಲಸವನ್ನು ನೆನಪಿಸಬೇಕಾದವರು ಆಕೆಯೇ ಆಗಿರುತ್ತಾರೆ. ಟಿಕೆಟ್ ಮೈದುನನದು, ಅತ್ತೆಯ ಮೊಣಕಾಲು ಮತ್ತು ವೈದ್ಯರ ಭೇಟಿ ಗಂಡನದು, ಕೆಟ್ಟರೆ ಉತ್ತರ ಹೇಳುವ ಜವಾಬ್ದಾರಿಯೂ ಅವರದೇ ಎಂದು ಬರೆಸಿದೆ. ಕೆಲಸ ಮುಗಿಯದಿದ್ದರೂ ಅದನ್ನು ಯಾವಾಗ, ಹೇಗೆ ಮಾಡುವುದೆಂದು ಖಚಿತವಾದರೆ ಮನಸ್ಸಿನಲ್ಲಿ ಅದರ ಕಾಟ ತಗ್ಗುತ್ತದೆ ಎಂಬುದನ್ನು ಮನೋವಿಜ್ಞಾನಿಗಳಾದ ಮಸಿಕಾಂಪೊ ಮತ್ತು ಬಾಮೈಸ್ಟರ್ 2011ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಕಂಡಿದ್ದರು. ನನ್ನ ಅನುಭವವೂ ಅದೇ. ಹೋಗುವುದೋ ಬಿಡುವುದೋ ಎಂಬುದನ್ನು ಬರುವ ಭಾನುವಾರ ಸಂಜೆ ಎಲ್ಲರೂ ಕುಳಿತು ತೀರ್ಮಾನಿಸಬೇಕು, ಅಲ್ಲಿಯವರೆಗೆ ಊಟದ ಹೊತ್ತಿನಲ್ಲಿ ಆ ಮಾತೆತ್ತಬಾರದು ಎಂದೂ ಸೂಚಿಸಿದೆ.

ಆಕೆಯನ್ನು ಮೂರು ದಿನ ಅಲೆಸಿದ್ದ ಆಧಾರ್ ತೊಡಕು ಆ ಪ್ರಯಾಣಕ್ಕೆ ತೊಡಕೇ ಆಗಿರಲಿಲ್ಲ. ಒಂದೇ ಟಿಕೆಟ್ಟಿನಲ್ಲಿ ಹೋಗುವ ಆರು ಜನರಲ್ಲಿ ಯಾರಾದರೂ ಒಬ್ಬರು ರೈಲಿನಲ್ಲಿ ಮೂಲ ಗುರುತಿನ ಚೀಟಿ ತೋರಿಸಿದರೆ ಸಾಕು. ಒಬ್ಬರೇ ಎಲ್ಲವನ್ನೂ ಹೊತ್ತಾಗ ದೊಡ್ಡದು ಯಾವುದು, ಸಣ್ಣದು ಯಾವುದು ಎಂಬ ಅಂದಾಜೇ ತಪ್ಪಿಹೋಗುತ್ತದೆ. ಆನ್‌ಲೈನಿನಲ್ಲಿ ತೆಗೆದ ಟಿಕೆಟ್ ಚಾರ್ಟ್ ಸಿದ್ಧವಾದಾಗಲೂ ಪೂರ್ತಿ ವೇಯ್ಟಿಂಗಿನಲ್ಲೇ ಇದ್ದರೆ ತಾನಾಗಿ ರದ್ದಾಗುತ್ತದೆ ಎಂಬ ನಿಜವಾಗಿ ದೊಡ್ಡ ವಿಷಯವನ್ನು ಆ ಮನೆಯಲ್ಲಿ ಯಾರೂ ವಿಚಾರಿಸಿರಲಿಲ್ಲ.

ಭಾನುವಾರ ಪ್ರಯಾಣವನ್ನು ಮಗಳ ಪರೀಕ್ಷೆಯ ನಂತರಕ್ಕೆ ಮುಂದೂಡಿದರು. ಆ ಮಾತನ್ನು ಮೊದಲು ಎತ್ತಿದವರು ಆಕೆಯೇ, ಅದಕ್ಕೆ ಕೊಟ್ಟ ಕಾರಣವೂ ಪರೀಕ್ಷೆಯೇ. ಹೊಸ ದಿನಾಂಕಕ್ಕೆ 60 ದಿನ ಮೊದಲು, ಬೆಳಿಗ್ಗೆ 8 ಗಂಟೆಗೆ ಬುಕಿಂಗ್ ತೆರೆದ ಕೂಡಲೇ ಮೈದುನ ಟಿಕೆಟ್ ಮಾಡಿದರು. ಮೊಣಕಾಲು ನೋವಿನ ಅತ್ತೆಗೆ ಮೇಲಿನ ಬರ್ತ್ ಬಂದಿತ್ತು. ಸಂಜೆ ಅದು ತಿಳಿದಾಗ ಆಕೆಯ ಬಾಯಿಯವರೆಗೂ ಮಾತು ಬಂತಂತೆ; ಆದರೆ ಯಾರ ಬರ್ತನ್ನು ಯಾರಿಗೆ ಬದಲಿಸಬೇಕೆಂದು ಮೈದುನ ಆಗಲೇ ತಾಯಿಯ ಪಕ್ಕ ಕುಳಿತು ಲೆಕ್ಕ ಹಾಕುತ್ತಿದ್ದುದನ್ನು ಕಂಡು, ರೊಟ್ಟಿಗೆ ನೀರಿಡಲು ಒಳಗೆ ಹೋದರಂತೆ.