ಭಯದ ಗಳಿಗೆ ಯಾರ ಕೈಯಲ್ಲಿ?

ಪ್ರಶ್ನೆ: ದೆವ್ವದ ಕಥೆಗಳನ್ನು ಓದಿ ಹೆದರುತ್ತಲೇ ಬೆಳೆದವನು ನಾನು. ವಿಡಿಯೋ ಗೇಮ್ ಹುಟ್ಟಿಸುವಷ್ಟು ಭಯವನ್ನು ಪುಸ್ತಕವಾಗಲಿ ಸಿನಿಮಾವಾಗಲಿ ಹುಟ್ಟಿಸಲಾರವು ಎಂದು ಕಾಲೇಜಿಗೆ ಹೋಗುವ ನನ್ನ ಮಗಳು ವಾದಿಸುತ್ತಾಳೆ. ಇದು ನಿಜವೇ?
— ಓದುಗರೊಬ್ಬರು, ಧಾರವಾಡ

ಉತ್ತರ: ನಿಮ್ಮ ಮಗಳ ಮಾತಿನಲ್ಲಿ ಹುರುಳಿದೆ. ಆದರೆ ಯಾವುದರಲ್ಲಿ ಭಯ ಹೆಚ್ಚು ಎಂದು ತೂಗುವ ಮೊದಲು, ಭಯದ ಗಳಿಗೆ ಯಾವಾಗ ಬರಬೇಕೆಂಬುದನ್ನು ಯಾರು ನಿರ್ಧರಿಸುತ್ತಾರೆ ಎಂದು ಕೇಳಿಕೊಳ್ಳಬೇಕು.

ಜಪಾನಿನ ಕೋಜಿ ಸುಜುಕಿಯವರು 1991ರಲ್ಲಿ ಪ್ರಕಟಿಸಿದ ‘ರಿಂಗ್’ ಕಾದಂಬರಿಯನ್ನೇ ನೋಡಿ. ಒಂದು ವಿಡಿಯೋ ಟೇಪನ್ನು ನೋಡಿದವರು ಏಳು ದಿನಗಳಲ್ಲಿ ಸಾಯುತ್ತಾರೆ ಎಂಬುದು ಅದರ ಎಳೆ. ತಾನೂ ಅದನ್ನು ನೋಡಿಬಿಟ್ಟ ಪತ್ರಕರ್ತನೊಬ್ಬ ಅದರ ಮೂಲವನ್ನು ಹುಡುಕುತ್ತ ಹೋದಂತೆ, ಉಳಿದ ದಿನಗಳನ್ನು ಓದುಗರೂ ಅವನೊಡನೆ ಎಣಿಸುತ್ತಾರೆ. ಪುಸ್ತಕವನ್ನು ಮಡಚಿಟ್ಟು ಮಲಗಿದರೂ ಆ ಎಣಿಕೆ ನಿಲ್ಲುವುದಿಲ್ಲ. 1998ರಲ್ಲಿ ಹಿಡಿಯೋ ನಕಾಟಾ ಅದನ್ನು ಸಿನಿಮಾ ಮಾಡಿದಾಗ, ಕಾದಂಬರಿಯಲ್ಲಿಲ್ಲದ ಒಂದು ದೃಶ್ಯ ಸೇರಿಕೊಂಡಿತು: ಟೇಪಿನ ಶಾಪದ ಹಿಂದಿರುವ ಪ್ರೇತ ಸಡಾಕೋ ಟಿವಿಯೊಳಗಿಂದ ತೆವಳುತ್ತ ಕೋಣೆಗೆ ಇಳಿಯುತ್ತಾಳೆ. ಪರದೆಯನ್ನೇ ದಿಟ್ಟಿಸುತ್ತ ಕುಳಿತವರಿಗೆ ಇದಕ್ಕಿಂತ ಹತ್ತಿರದ ಭಯ ಬೇರೆ ಯಾವುದಿದೆ? ಅವಳು ಎಷ್ಟು ನಿಧಾನವಾಗಿ ಬರಬೇಕೆಂಬುದು ನಿರ್ದೇಶಕರ ಕೈಯಲ್ಲಿದೆ. ನಾವು ಕಣ್ಣು ಮುಚ್ಚಿಕೊಂಡರೂ ಅವಳು ಬರುತ್ತಲೇ ಇರುತ್ತಾಳೆ.

ಗೇಮ್‌ನಲ್ಲಿ ಈ ಹೊಣೆ ಆಡುವವರ ಹೆಗಲಿಗೆ ಬೀಳುತ್ತದೆ. 1999ರಲ್ಲಿ ಬಂದ ‘ಸೈಲೆಂಟ್ ಹಿಲ್’ನಲ್ಲಿ, ಕಾಣೆಯಾದ ಮಗಳನ್ನು ಹುಡುಕುವ ತಂದೆಯಾಗಿ ನಾವು ಮಂಜು ಕವಿದ ಊರಿನಲ್ಲಿ ನಡೆಯಬೇಕು. ದೂರದ ದೃಶ್ಯಗಳನ್ನು ಮೂಡಿಸುವ ಶಕ್ತಿ ಅಂದಿನ ಪ್ಲೇಸ್ಟೇಷನ್‌ಗೆ ಇರಲಿಲ್ಲ. ಆ ಕೊರತೆಯನ್ನು ಮರೆಮಾಡಿದ ಮಂಜೇ ಗೇಮ್‌ನ ಜೀವಾಳವಾಯಿತು. ವಿಕಾರ ಜೀವಿಗಳು ಸಮೀಪಿಸಿದಾಗ ಜೊತೆಗಿರುವ ರೇಡಿಯೋ ಕರಕರ ಸದ್ದು ಮಾಡುತ್ತದೆ. ಆ ಸದ್ದು ಕೇಳಿದ ಮೇಲೂ ಮುಂದಿನ ಹೆಜ್ಜೆ ಇಡಬೇಕಾದವರು ನಾವೇ, ಏಕೆಂದರೆ ನಾವು ಕದಲದೆ ಕಥೆ ಕದಲದು.

ಆದರೂ ಗೇಮ್‌ಗೆ ಒಂದು ದೊಡ್ಡ ತೊಡಕಿದೆ. ಸತ್ತು, ಹಿಂದಿನ ಜಾಗದಿಂದಲೇ ಮೂರನೆಯ ಸಲ ಆಡುವಷ್ಟರಲ್ಲಿ ಭಯ ಕರಗಿ, ಬರಿಯ ಲೆಕ್ಕಾಚಾರ ಉಳಿದಿರುತ್ತದೆ. 2014ರ ‘ಏಲಿಯನ್: ಐಸೊಲೇಷನ್’ ಆಟವನ್ನು ನಿಗದಿತ ಜಾಗಗಳಲ್ಲಿ ಮಾತ್ರ ಸೇವ್ ಮಾಡಲು (ಅಲ್ಲಿಯವರೆಗೆ ಆಡಿದ್ದನ್ನು ಉಳಿಸಿಕೊಳ್ಳಲು) ಬಿಟ್ಟು, ಹಾಗೆ ಮಾಡುವ ಕೆಲವು ಕ್ಷಣಗಳಲ್ಲೂ ಬೆನ್ನಟ್ಟುವ ಅನ್ಯಗ್ರಹ ಜೀವಿ ಬಂದು ಕೊಲ್ಲಬಹುದೆಂದು ಇಟ್ಟಿರುವುದು ಇದಕ್ಕೆ ನಾನು ಕಂಡ ಉತ್ತಮ ಪರಿಹಾರ. ಹೆಚ್ಚು ದಿನ ಮನಸ್ಸಿನಲ್ಲಿ ಉಳಿಯುವ ಭಯ ಪುಸ್ತಕದ್ದೇ ಎಂಬ ನನ್ನ ಅನಿಸಿಕೆ ಮಾತ್ರ ಬದಲಾಗಿಲ್ಲ.

ಮಗಳಿಗೆ ಆ ಕಾದಂಬರಿಯನ್ನು ಕೊಡಿ. ನೀವು ಒಂದು ರಾತ್ರಿ ಕಂಟ್ರೋಲರನ್ನು ಸ್ವತಃ ಹಿಡಿದು ಆಡಿ. ಅವಳ ಪಕ್ಕದಲ್ಲಿ ಸುಮ್ಮನೆ ಕುಳಿತು ನೋಡಿದರೆ ಅದು ನಿಮ್ಮ ಪಾಲಿಗೆ ಸಿನಿಮಾ ಆಗಿಬಿಡುತ್ತದೆ.