ಮಿದುಳಿಗೆ ವಿದ್ಯುತ್ ಹಾಯಿಸಿದರೆ ಪಾರ್ಕಿನ್ಸನ್ ನಡುಕ ನಿಲ್ಲುವುದು ಹೇಗೆ? ರೋಗವೂ ಗುಣವಾಗುತ್ತದೆಯೇ?

ರೋಗ ಗುಣವಾಗುವುದಿಲ್ಲ, ಚಲನೆಗೆ ನೆರವಾಗುವ ಡೋಪಮೈನ್ ಎಂಬ ರಾಸಾಯನಿಕವನ್ನು ತಯಾರಿಸುವ ನರಕೋಶಗಳ ನಾಶ ಒಳಗೆ ಮುಂದುವರಿಯುತ್ತಲೇ ಇರುತ್ತದೆ.

ನಡುಕದ ಕಥೆ ಬೇರೆ. 1987ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಶಸ್ತ್ರವೈದ್ಯ ಅಲಿಮ್ ಲೂಯಿ ಬೆನಾಬಿದ್ ಅವರು ಮಿದುಳಿನ ಆಳದಲ್ಲಿರುವ ಥಲಾಮಸ್‌ನ ಸಣ್ಣ ಭಾಗವೊಂದನ್ನು ನಡುಕ ತಡೆಯಲೆಂದು ಸುಡುವ ಮುನ್ನ ಜಾಗ ಸರಿಯಿದೆಯೇ ಎಂದು ವಿದ್ಯುತ್ ಹಾಯಿಸಿ ಪರೀಕ್ಷಿಸುತ್ತಿದ್ದಾಗ, ಸೆಕೆಂಡಿಗೆ ಸುಮಾರು 100 ಮಿಡಿತಗಳಲ್ಲಿ ನಡುಕ ನಿಂತಿತು. ವಿದ್ಯುತ್ ಆರಿಸಿದರೆ ಮರಳಿತು. ಸುಟ್ಟದ್ದು ಮರಳಿ ಬಾರದು, ಆದರೆ ವಿದ್ಯುತ್ತನ್ನು ಹೆಚ್ಚುಕಡಿಮೆ ಮಾಡಬಹುದು ಎಂಬುದೇ ಈ ವಿಧಾನದ ದೊಡ್ಡ ಅನುಕೂಲ.

ಈಗ ಸಾಮಾನ್ಯವಾಗಿ ಸಬ್‌ಥಲಾಮಿಕ್ ನ್ಯೂಕ್ಲಿಯಸ್ ಎಂಬ ಪುಟ್ಟ ಕೇಂದ್ರಕ್ಕೆ ಒಂದು ಮಿಲಿಮೀಟರಿಗಿಂತ ತುಸು ದಪ್ಪದ ತಂತಿಯನ್ನು ಇಳಿಸಿ, ಕೊರಳೆಲುಬಿನ ಕೆಳಗೆ ಚರ್ಮದಡಿ ಕೂರಿಸಿದ ಬ್ಯಾಟರಿಗೆ ಜೋಡಿಸುತ್ತಾರೆ. ಅನೇಕ ಕಡೆ ರೋಗಿಯನ್ನು ಎಚ್ಚರವಾಗಿಟ್ಟುಕೊಂಡೇ ಶಸ್ತ್ರಚಿಕಿತ್ಸೆ ನಡೆಯುತ್ತದೆ: ಮುಷ್ಟಿ ಬಿಗಿಹಿಡಿದು ಬಿಡಲು ಹೇಳುತ್ತಾರೆ, ಮಣಿಕಟ್ಟನ್ನು ಹಿಡಿದ ವೈದ್ಯರ ಕೈಗೆ, ವಿದ್ಯುತ್ ಹಾಯ್ದಾಗ ರೋಗದ ಬಿಗಿತ ಸಡಿಲವಾಗುವುದು ತಿಳಿಯುತ್ತದೆ.

ವಿದ್ಯುತ್ತು ಆ ಭಾಗವನ್ನು ‘ಸುಮ್ಮನಾಗಿಸುತ್ತದೆ’ ಎಂಬ ಜನಪ್ರಿಯ ವಿವರಣೆ ನನ್ನ ದೃಷ್ಟಿಯಲ್ಲಿ ತೀರಾ ಸರಳ. ಪಾರ್ಕಿನ್ಸನ್‌ನಲ್ಲಿ ಇಲ್ಲಿನ ನರಕೋಶಗಳು ಸೆಕೆಂಡಿಗೆ 13ರಿಂದ 30 ಆವರ್ತನದ ಒಂದೇ ತಾಳಕ್ಕೆ ಅತಿಯಾಗಿ ಅಂಟಿಕೊಂಡಿರುತ್ತವೆ; ಸುಮಾರು 130ರ ವೇಗದ ಕೃತಕ ಮಿಡಿತ ಆ ತಾಳವನ್ನು ಕೆಡಿಸಿ ಚಲನೆಗೆ ದಾರಿ ಬಿಡುತ್ತದೆ ಎಂಬ ವಿವರಣೆಗೆ ಇಂದು ಹೆಚ್ಚು ಬೆಂಬಲವಿದೆ.

ಮಿದುಳಿನಲ್ಲಿ ಡೋಪಮೈನ್ ಆಗಿ ಬದಲಾಗುವ ಲೆವೊಡೋಪಾ ಮಾತ್ರೆಗೆ ಚೆನ್ನಾಗಿ ಸ್ಪಂದಿಸುವವರಿಗೇ ಇದರ ಲಾಭ ಹೆಚ್ಚು. ತೊದಲುವ ಮಾತಿಗೆ, ತಪ್ಪುವ ಸಮತೋಲಕ್ಕೆ ಅಷ್ಟಾಗಿ ಒದಗುವುದಿಲ್ಲ.